ಲಾಯದ ಊಳಿಗ ಮತ್ತು ನ್ಯಾಯವಾದ ಭಾರ
(ಮಳವಳ್ಳಿ–ಶಿವನಸಮುದ್ರ ಸೀಮೆಯ ಇತಿಹಾಸದ ಬೆಳಕಿನಲ್ಲಿ ಒಂದು ವಿಚಾರ)

ಹೊಟ್ಟೆಪಾಡಿಗಾಗಿ ಹಿಡಿದ ಕೆಲಸವು ಅಧರ್ಮದತ್ತ ಎಳೆಯತೊಡಗಿದಾಗ ಅದನ್ನು ಬಿಡಬೇಕೇ, ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಹು ಪುರಾತನವಾದುದು. ಕುದುರೆಲಾಯದ ಊಳಿಗದಲ್ಲಿ ಈ ಪ್ರಶ್ನೆ ಇಮ್ಮಡಿಯಾಗಿ ಎದುರಾಗುತ್ತದೆ. ಅಲ್ಲಿ ಭಾರ ಹೊರುವ ಜೀವಗಳು ಎರಡು. ಒಂದು ಗೂಟಕ್ಕೆ ಕಟ್ಟಿದ ಕುದುರೆ, ಮತ್ತೊಂದು ಅದರ ಮೈಯುಜ್ಜಿ, ಹುಲ್ಲು ಹಾಕಿ, ಸಗಣಿ ಬಾಚುವ ಆಳು. ಕುದುರೆಗೆ ಮಾತಿಲ್ಲ, ಆಳಿಗೆ ಮಾತಿದ್ದರೂ ಆಡುವ ಧೈರ್ಯವಿಲ್ಲ. ಇಬ್ಬರ ಮೇವು ಕೂಳುಗಳೂ ಒಬ್ಬನೇ ಯಜಮಾನನ ಕೈಯಲ್ಲಿರುತ್ತವೆ. ಯಜಮಾನನು ಲೋಭಿಯಾದರೆ ಮೊದಲು ಕುದುರೆಯ ಹುರುಳಿ ಕಡಿಮೆಯಾಗುತ್ತದೆ, ಅನಂತರ ಆಳಿನ ಸಂಬಳ ಬಾಕಿ ಬೀಳುತ್ತದೆ. ಇಂತಹ ಲಾಯದಲ್ಲಿ ದುಡಿಯುವವನು ಮಾಡಬೇಕಾದುದೇನು? ಇದಕ್ಕೆ ಜೈನಾಚಾರ್ಯರು ಕೊಟ್ಟ ಅಳತೆಗೋಲು ಯಾವುದು? ಈ ವಿಚಾರಕ್ಕೆ ಮಂಡ್ಯ ಜಿಲ್ಲೆಯ ಮಳವಳ್ಳಿ, ಶಿವನಸಮುದ್ರಗಳ ಪರಿಸರ ತಕ್ಕ ನೆಲೆಯಾಗಿದೆ.

ಸೀಮೆಯ ಪೂರ್ವಪರಿಚಯ

ಕಾವೇರಿಯು ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವ ಶಿವನಸಮುದ್ರ ದ್ವೀಪವು ಗಂಗರ ರಾಜಧಾನಿಯಾಗಿದ್ದ ತಲಕಾಡಿಗೆ ದೂರದ್ದಲ್ಲ. ಗಂಗವಂಶದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ನೆರವಾದರೆಂಬುದು ಪರಂಪರೆಯ ನಂಬಿಕೆ. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರನ್ನು ಗಂಗರಾಜ ದುರ್ವಿನೀತನ ಗುರುಗಳೆಂದು ಅದೇ ಪರಂಪರೆ ಗೌರವಿಸುತ್ತದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಕನಕಗಿರಿಯಲ್ಲಿ ಗಂಗ–ಹೊಯ್ಸಳ ಕಾಲದ ಜೈನ ಅವಶೇಷಗಳು ಇಂದಿಗೂ ಕಾಣಸಿಗುತ್ತವೆ. ತಲಕಾಡನ್ನು ಚೋಳರಿಂದ ಬಿಡಿಸಿದ ಹೊಯ್ಸಳ ದಂಡನಾಯಕ ಗಂಗರಾಜನು ಜಿನಭಕ್ತನಾಗಿದ್ದನು. ಹೀಗೆ ಆನೆ ಕುದುರೆಗಳ ಸೈನ್ಯ ನಡೆದ ನೆಲದಲ್ಲಿಯೇ ಅಹಿಂಸೆಯ ಸೂಕ್ಷ್ಮವಿಚಾರವೂ ನಡೆದಿತ್ತೆಂಬುದನ್ನು ಗಮನಿಸಬೇಕು.

ಜೈನರು ಪಶುಶಾಲೆಯಿಂದ ದೂರವೇ ಉಳಿದವರಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ಕುದುರೆಗಳ ಚಿಕಿತ್ಸೆಯನ್ನು ಕುರಿತು ‘ಅಶ್ವವೈದ್ಯ’ವನ್ನು ಬರೆದನು. 17ನೆಯ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣಪಂಡಿತನು ‘ಹಯಸಾರಸಮುಚ್ಚಯ’ವನ್ನು ಸಿದ್ಧಪಡಿಸಿದನು. ಈ ಮೂವರೂ ಜೈನರು. ಪ್ರಾಣಿಗಳಿಂದ ದುಡಿಸಿಕೊಳ್ಳುವ ಲೋಕದೊಳಗೆ ಅವರು ಔಷಧವನ್ನು ಹಿಡಿದು ಪ್ರವೇಶಿಸಿದರು. ‘ಲಾಯದ ಕೆಲಸವೆಂದರೇ ಪಾಪ, ಅಲ್ಲಿಗೆ ಕಾಲಿಡಬಾರದು’ ಎಂಬ ಸರಳ ಉತ್ತರವು ಈ ಪರಂಪರೆಗೆ ಒಪ್ಪುವುದಿಲ್ಲ. ಯಾವ ರೀತಿಯಲ್ಲಿ ಅಲ್ಲಿರಬೇಕು, ಯಾವಾಗ ಹೊರಬರಬೇಕು ಎಂಬುದೇ ನಿಜವಾದ ಪ್ರಶ್ನೆ.

1791ರ ದಂಡಯಾತ್ರೆ

ಈ ಸೀಮೆಯ ಜನರೂ ಪ್ರಾಣಿಗಳೂ ಅತ್ಯಂತ ಕಷ್ಟಪಟ್ಟ ಕಾಲವೆಂದರೆ 1791ರ ಬೇಸಿಗೆ. ಆ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದತ್ತ ಹೊರಟನು. ನೇರವಾದ ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪುವಿನ ಕಾವಲಿದ್ದುದರಿಂದ ಕನಕಪುರ, ಮಳವಳ್ಳಿಗಳ ಕಡೆಯ ದುರ್ಗಮ ಮಾರ್ಗವನ್ನು ಹಿಡಿಯಬೇಕಾಯಿತು. ಶತ್ರುಸೈನ್ಯಕ್ಕೆ ಒಂದು ಹಿಡಿ ಮೇವೂ ದೊರೆಯಬಾರದೆಂದು ಟಿಪ್ಪುವು ದಾರಿಯ ಸುತ್ತಲಿನ ಪ್ರದೇಶವನ್ನು ಬರಿದುಮಾಡಿಸಿದನು. ಅಲ್ಲಿಯ ನಿವಾಸಿಗಳನ್ನೂ ದನಕರುಗಳನ್ನೂ ಶಿವನಸಮುದ್ರ ದ್ವೀಪದೊಳಕ್ಕೆ ಅಟ್ಟಲಾಯಿತೆಂದು ಗೆಜೆಟಿಯರುಗಳು ದಾಖಲಿಸಿವೆ. ಇಂದು ಪ್ರವಾಸಿಗರು ಜಲಪಾತದ ಸೊಬಗನ್ನು ನೋಡಿ ಹಿಗ್ಗುವ ಸ್ಥಳ ಅಂದು ಒಂದು ದೊಡ್ಡ ದೊಡ್ಡಿಯಾಗಿತ್ತು.

ಇತ್ತ ಕಂಪನಿಯ ಸೈನ್ಯದ ಸ್ಥಿತಿಯೂ ಶೋಚನೀಯವಾಯಿತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅದಕ್ಕೆ ಮೇಲುಗೈಯಾದರೂ ಆ ಜಯದಿಂದ ಪ್ರಯೋಜನವಾಗಲಿಲ್ಲ. ಮೇವಿಲ್ಲದೆ, ಮಳೆಗೆ ಸಿಕ್ಕಿ, ರೋಗಕ್ಕೆ ತುತ್ತಾಗಿ ಎತ್ತುಗಳು ಸತ್ತವು. ಕುದುರೆಗಳು ಸವಾರನನ್ನು ಹೊರಲಾರದಷ್ಟು ಬಡಕಲಾದವು. ಕೋಟೆ ಒಡೆಯಲೆಂದು ತಂದಿದ್ದ ದೊಡ್ಡ ತೋಪುಗಳನ್ನು ಎಳೆಯಲು ಪ್ರಾಣಿಗಳೇ ಉಳಿಯಲಿಲ್ಲ. ಕಡೆಗೆ ಕನ್ನಂಬಾಡಿಯ ಬಳಿ ಆ ತೋಪುಗಳನ್ನು ತಾನೇ ನಾಶಮಾಡಿ ಸೈನ್ಯವು ಮೇ ತಿಂಗಳ ಕೊನೆಯಲ್ಲಿ ಹಿಂದಿರುಗಿತು. ಅಂದಿನ ಬಲಾಢ್ಯ ಸೇನೆಯನ್ನು ಹಿಮ್ಮೆಟ್ಟಿಸಿದುದು ಖಡ್ಗಕ್ಕಿಂತ ಹೆಚ್ಚಾಗಿ ಹಸಿದ ಮೂಕಪ್ರಾಣಿಗಳ ಸಾವು.

ಆ ಕಾಲದ ಕುದುರೆ ಪಡೆಗಳಲ್ಲಿ ಒಂದೊಂದು ಕುದುರೆಗೆ ಸಾಮಾನ್ಯವಾಗಿ ಇಬ್ಬರು ಊಳಿಗದವರು. ಒಬ್ಬನು ಕುದುರೆಯನ್ನು ತಿಕ್ಕಿ ತೀಡಿ ಕಾಯುವ ಕಾಸದಾರ. ಇನ್ನೊಬ್ಬನು ಹುಲ್ಲು ತರುವವನು. ಹುಲ್ಲು ತರುವುದೆಂದರೆ ಕುಡುಗೋಲು ಹಿಡಿದು ಕೊಯ್ದು ತರುವಷ್ಟು ಸುಲಭವಾಗಿರಲಿಲ್ಲ. ಒಣನೆಲವನ್ನು ಕೆರೆದು ಗರಿಕೆಯ ಬೇರನ್ನು ಕಿತ್ತು, ಮಣ್ಣು ತೊಳೆದು, ಹೊರೆ ಕಟ್ಟಿ ಬಿಡಾರಕ್ಕೆ ತರಬೇಕಾಗಿತ್ತು. ನಾಡು ಬರಿದಾದಾಗ ಹುಲ್ಲಿಗಾಗಿ ಕಾವಲು ದಾಟಿ ದೂರ ಹೋಗಬೇಕು. ಹೋದರೆ ಶತ್ರುವಿನ ಸವಾರರ ಕತ್ತಿ, ಹೋಗದಿದ್ದರೆ ಯಜಮಾನನ ಚಬುಕು. ಸೈನಿಕರಿಗಿದ್ದ ಬಿರುದುಬಾವಲಿಗಳು ಇವರಿಗಿರಲಿಲ್ಲ. ಎತ್ತಿನವರು, ಹೊರೆಯಾಳುಗಳು ರಾತ್ರೋರಾತ್ರಿ ಓಡಿಹೋದ ದೂರುಗಳು ಅಂದಿನ ಸೇನಾ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸೇನಾಧಿಕಾರಿಗಳ ದೃಷ್ಟಿಯಲ್ಲಿ ಅದು ದ್ರೋಹ. ಧರ್ಮದೃಷ್ಟಿಯಿಂದ ನೋಡಿದರೆ, ಓಡಿಹೋದವನು ಯಾವ ಭಾರವನ್ನು ಕೆಳಗಿಳಿಸಿ ಹೋದನು ಎಂದು ಮೊದಲು ಕೇಳಬೇಕಾಗುತ್ತದೆ.

ಸಿಲ್ಲೇದಾರನೂ ಬಾರ್ಗೀರನೂ

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಮತ್ತೊಂದು ಯುದ್ಧ ನಡೆಯಿತು. ಅದೇ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅನಂತರ 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. ಇವರಲ್ಲಿ ಬಹುಪಾಲು ಸಿಲ್ಲೇದಾರರು, ಸುಮಾರು 500 ಮಂದಿ ಬಾರ್ಗೀರರು. ಸ್ವಂತ ಕುದುರೆಯನ್ನು ತಂದು, ಅದರ ಮೇವಿನ ಖರ್ಚನ್ನೂ ತಾನೇ ಭರಿಸಿ ಸಂಬಳ ಪಡೆಯುವವನು ಸಿಲ್ಲೇದಾರ. ಪರರ ಕುದುರೆಯನ್ನೇರಿ ಕೇವಲ ಕೂಲಿಗೆ ದುಡಿಯುವವನು ಬಾರ್ಗೀರ. ಟಿಪ್ಪುವಿನ ಕಾಲದಿಂದಲೂ ಅಶ್ವಪಾಲನೆಗೆ ಹೆಸರಾದ ಕುಣಿಗಲ್ಲು ಸಂಸ್ಥಾನದ ಕುದುರೆಗಳ ತಳಿಕೇಂದ್ರವಾಯಿತು.

ಲೆಕ್ಕ ಬಲ್ಲವರಿಗೆ ಈ ಪದ್ಧತಿಯ ಗುಣದೋಷಗಳು ಒಡನೆ ತಿಳಿಯುತ್ತವೆ. ಸಿಲ್ಲೇದಾರನ ಬಂಡವಾಳವೆಲ್ಲ ಒಂದು ಪ್ರಾಣಿಯ ಉಸಿರಿನಲ್ಲಿದೆ. ಕುದುರೆ ಸತ್ತರೆ ಜೀವಿಕೆಯೂ ಸತ್ತಂತೆ. ಆದುದರಿಂದ ಅದನ್ನು ಜೋಪಾನ ಮಾಡುವುದು ಅವನ ಸ್ವಾರ್ಥವೂ ಹೌದು. ಆದರೆ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದಾಗ ಅವನು ಮೊದಲು ಕಡಿಮೆ ಮಾಡಬಹುದಾದ ಖರ್ಚು ಹುರುಳಿಯದೇ. ಬಾರ್ಗೀರನ ಸ್ಥಿತಿ ಇನ್ನೂ ಕಠಿನ. ಕುದುರೆಯೂ ಅವನದಲ್ಲ, ಲಾಭವೂ ಅವನದಲ್ಲ. ಬಿದ್ದರೆ ಮುರಿಯುವ ಕಾಲು ಮಾತ್ರ ಅವನದು. 1831ರಲ್ಲಿ ಆಡಳಿತವು ಅರಸರ ಕೈತಪ್ಪಿ ಬ್ರಿಟಿಷರಿಗೆ ಹೋಗಲು ಕಾರಣವಾದ ಹಣಕಾಸಿನ ಅವ್ಯವಸ್ಥೆಯಲ್ಲಿ ಸೈನ್ಯದ ಸಂಬಳದ ಬಾಕಿಯೂ ಸೇರಿತ್ತು. ಮೇಲಿನವರ ಖಜಾನೆಯ ಕೊರತೆ ಇಳಿಯುತ್ತ ಇಳಿಯುತ್ತ ಕೊನೆಗೆ ಕುದುರೆಯ ಬಾಯಿಯ ಚೀಲದಲ್ಲಿ ಕಾಣಿಸಿಕೊಳ್ಳುತ್ತದೆಂಬುದು ಈ ಇತಿಹಾಸದ ಪಾಠ.

ಆಚಾರ್ಯರ ಅಳತೆಗೋಲು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗಗಳನ್ನು ಕತ್ತರಿಸುವ ಛೇದ, ಅತಿಯಾದ ಹೊರೆ ಹೊರಿಸುವ ಅತಿಭಾರಾರೋಪಣ, ಹಸಿವು ನೀರಡಿಕೆಗಳಿಗೆ ಗುರಿಪಡಿಸುವ ಅನ್ನಪಾನನಿರೋಧ. ಲಾಯದಲ್ಲಿ ನಡೆಯಬಹುದಾದ ಕ್ರೌರ್ಯಗಳ ಪಟ್ಟಿಯನ್ನು ಲಾಯದ ಬಾಗಿಲಲ್ಲಿ ನಿಂತೇ ಬರೆದಂತಿದೆ. ಪೂಜ್ಯಪಾದರು ಇಲ್ಲಿಯ ‘ವಧ’ವೆಂದರೆ ಕೊಲ್ಲುವುದಲ್ಲ, ಕೋಲು ಚಬುಕುಗಳಿಂದ ಹೊಡೆಯುವುದು ಎಂದು ಸ್ಪಷ್ಟಪಡಿಸಿದ್ದಾರೆ. ಅತಿಭಾರವನ್ನು ವಿವರಿಸುವಾಗ ‘ನ್ಯಾಯವಾದ ಭಾರಕ್ಕಿಂತ ಹೆಚ್ಚಿನದು’ ಎಂಬ ಅರ್ಥವನ್ನು ಕೊಡುತ್ತಾರೆ. ಪ್ರಾಣಿಯಿಂದ ಕೆಲಸ ತೆಗೆದುಕೊಳ್ಳುವುದಕ್ಕೆ ಒಂದು ನ್ಯಾಯವಾದ ಮಿತಿಯುಂಟು. ಆ ಮಿತಿಯನ್ನು ಮೀರಿದಲ್ಲಿ ವ್ರತಕ್ಕೆ ಮಲಿನತೆ ಬರುತ್ತದೆ ಎಂಬುದು ಇದರ ತಾತ್ಪರ್ಯ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಅತಿವಾಹನ ಮತ್ತು ಅತಿಭಾರವಾಹನಗಳನ್ನು ಪರಿಗ್ರಹಪರಿಮಾಣ ವ್ರತದ ದೋಷಗಳಲ್ಲಿಯೂ ಸೇರಿಸಿದ್ದಾರೆ. ಪ್ರಾಣಿಯನ್ನು ಶಕ್ತಿಮೀರಿ ಓಡಿಸುವುದರ ಮೂಲ ಕೋಪದಲ್ಲಿಲ್ಲ, ಲೋಭದಲ್ಲಿದೆ ಎಂಬ ಸೂಕ್ಷ್ಮ ಇಲ್ಲಿ ಅಡಗಿದೆ. ಚಬುಕು ಆಳಿನ ಕೈಯಲ್ಲಿರಬಹುದು; ಅದನ್ನು ಬೀಸಿಸುವ ಲೋಭ ಯಜಮಾನನ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ.

ಈ ಐದು ಅತಿಚಾರಗಳನ್ನು ಆಳಿನ ಪಾಲಿಗೂ ಅನ್ವಯಿಸಿ ನೋಡಬೇಕು. ಮುಂಗಡ ಸಾಲ ಕೊಟ್ಟು ಬಿಡದಂತೆ ಹಿಡಿದಿಡುವುದು ಬಂಧ. ಹೊತ್ತು ಮೀರಿ ದುಡಿಸುವುದು ಅತಿಭಾರ. ಸಂಬಳ ತಡೆಹಿಡಿಯುವುದು ಅನ್ನಪಾನನಿರೋಧ. ಇಷ್ಟೇ ಅಲ್ಲದೆ, ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರೆವಣಿಗೆ, ನ್ಯಾಸಾಪಹಾರ ಎಂದರೆ ಇಟ್ಟ ಒಡವೆಯನ್ನು ಅಪಹರಿಸುವುದು ಸೇರಿವೆ. ತಾನಿಟ್ಟ ಒಡವೆಯ ಲೆಕ್ಕವನ್ನು ಮರೆತು ಕಡಿಮೆ ಕೇಳಿದವನಿಗೆ ‘ಅಷ್ಟೇ ಸರಿ’ ಎಂದು ಒಪ್ಪಿಸಿ ಕಳುಹಿಸುವುದನ್ನೂ ನ್ಯಾಸಾಪಹಾರವೆಂದೇ ವ್ಯಾಖ್ಯಾನಕಾರರು ಹೇಳಿದ್ದಾರೆ. ದುಡಿದ ಮೇಲೂ ಕೊಡದೆ ಉಳಿಸಿಕೊಂಡ ಕೂಲಿಯು ಯಜಮಾನನ ಬಳಿ ಆಳು ಇಟ್ಟ ಒಡವೆಯಲ್ಲದೆ ಮತ್ತೇನು? ಅಕ್ಷರ ಬಾರದವನ ಹಾಜರಿ ದಿನಗಳನ್ನು ಕಡಿಮೆ ಬರೆದು ಹೆಬ್ಬೆಟ್ಟು ಒತ್ತಿಸುವ ವರ್ತಕನು ಈ ಎರಡು ಅತಿಚಾರಗಳಿಗೂ ಒಮ್ಮೆಗೇ ಗುರಿಯಾಗುತ್ತಾನೆ.

ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ವರ್ಜ್ಯವಾದ ಹದಿನೈದು ಉದ್ಯೋಗಗಳನ್ನು ಎಣಿಸಿದ್ದಾರೆ. ಪ್ರಾಣಿಗಳನ್ನು ಬಾಡಿಗೆಗೆ ದುಡಿಸುವ ಭಾಟಕ, ಜೀವಿಗಳನ್ನು ಮಾರುವ ಕೇಶವಾಣಿಜ್ಯ, ಮೂಗು ಚುಚ್ಚಿ ಬರೆಯಿಟ್ಟು ಬೀಜ ಒಡೆಯುವ ನಿರ್ಲಾಂಛನ ಅವುಗಳಲ್ಲಿ ಬರುತ್ತವೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಪ್ರಸ್ತಾಪಿಸಿ, ಲೋಕದಲ್ಲಿ ಪಾಪದ ಉದ್ಯೋಗಗಳು ಎಣಿಕೆಗೆ ಸಿಗುವಂತಹವಲ್ಲ, ಆದುದರಿಂದ ಪಟ್ಟಿಯಿಂದ ಪೂರ್ಣ ಪ್ರಯೋಜನವಿಲ್ಲ ಎಂಬ ಅಭಿಪ್ರಾಯ ಕೊಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದ ಕಾರಣಕ್ಕೆ ಯಾವ ಕೆಲಸವೂ ಶುದ್ಧವಾಗದು. ವಿವೇಕದ ಹೊರೆಯನ್ನು ಅವರು ಶ್ರಾವಕನ ತಲೆಯ ಮೇಲೆಯೇ ಇಟ್ಟಿದ್ದಾರೆ.

ಬಿಡುವುದೋ, ಇರುವುದೋ

ಈಗ ಮೂಲ ಪ್ರಶ್ನೆಗೆ ಬರಬಹುದು. ಲಾಯದ ಆಳು ತನ್ನ ಊಳಿಗವನ್ನು ತೂಗಿ ನೋಡುವಾಗ ನಾಲ್ಕು ವಿಷಯಗಳನ್ನು ಬೇರೆಬೇರೆಯಾಗಿ ತೂಗಬೇಕು.

ಮೊದಲನೆಯದು, ದೋಷ ಎಲ್ಲಿದೆ ಎಂಬುದು. ಕೆಲಸದ ಸ್ವರೂಪದಲ್ಲಿಯೇ ಹಿಂಸೆಯಿದ್ದರೆ ಚರ್ಚೆಗೆ ಎಡೆಯಿಲ್ಲ, ಬಿಡತಕ್ಕದ್ದೇ. ನಡೆಸುವ ರೀತಿಯಲ್ಲಿ ದೋಷವಿದ್ದರೆ, ಕೃತ–ಕಾರಿತ–ಅನುಮೋದಿತಗಳ ಕ್ರಮದಲ್ಲಿ ಮೊದಲು ತನ್ನ ಕೈಯನ್ನು ಹಿಂತೆಗೆಯಬೇಕು. ಕುಂಟುವ ಕುದುರೆಗೆ ಜೀನು ಬಿಗಿಯುವುದಿಲ್ಲ, ಮತ್ತೊಬ್ಬನಿಂದ ಬಿಗಿಸುವುದಿಲ್ಲ, ಬಿಗಿದವನನ್ನು ಮೆಚ್ಚುವುದಿಲ್ಲ ಎಂದು ಹೇಳಲು ಅವಕಾಶವಿದೆಯೇ ಎಂದು ನೋಡಬೇಕು. ಅಷ್ಟಕ್ಕೂ ಅವಕಾಶವಿಲ್ಲದ ಕಡೆ ಉಳಿಯುವುದೆಂದರೆ ತನ್ನ ಕೈಗಳನ್ನು ಪರರ ಲೋಭಕ್ಕೆ ಬಾಡಿಗೆ ಕೊಟ್ಟಂತೆ.

ಎರಡನೆಯದು ಬಾಕಿ. ‘ಈಗ ಬಿಟ್ಟರೆ ಆರು ತಿಂಗಳ ಸಂಬಳ ಹೋಗುತ್ತದೆ’ ಎಂಬ ಭಯವೇ ಅನೇಕರನ್ನು ಏಳನೆಯ ತಿಂಗಳಿಗೂ ಕಟ್ಟಿಹಾಕುತ್ತದೆ. ವ್ಯಾಪಾರದ ಅನುಭವವುಳ್ಳವರೆಲ್ಲ ಬಲ್ಲಂತೆ, ಮುಳುಗಿದ ಬಾಕಿಯ ಮೇಲೆ ಮತ್ತಷ್ಟು ಸಾಲ ಕೊಟ್ಟರೆ ಹಳೆಯದು ವಸೂಲಾಗುವುದಿಲ್ಲ, ಹೊಸದೂ ಮುಳುಗುತ್ತದೆ. ಹಿಂದಿನ ಬಾಕಿಯನ್ನು ಕೇಳುವ ಹಕ್ಕು ಕೆಲಸ ಬಿಟ್ಟ ಮಾತ್ರಕ್ಕೆ ಅಳಿಯುವುದಿಲ್ಲ. ಮುಂಗಡದ ಭಯಕ್ಕೂ ಪರಿಹಾರವಿದೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಜೀತದ ಸಾಲವನ್ನೇ ರದ್ದುಪಡಿಸಿದೆ. ಆ ಸಾಲ ತೋರಿಸಿ ಯಾರನ್ನೂ ಹಿಡಿದಿಡಲಾಗದು.

ಮೂರನೆಯದು ಕುದುರೆಯ ಗತಿ. ‘ನಾನು ಹೋದರೆ ಇದಕ್ಕೆ ನೀರು ಕುಡಿಸುವವರು ಯಾರು?’ ಉಳಿಯಲು ಇರುವ ಕಾರಣಗಳಲ್ಲಿ ಇದೇ ಅತ್ಯಂತ ಉದಾತ್ತವಾದುದು. ಯಜಮಾನನು ದುರುಪಯೋಗ ಮಾಡಿಕೊಳ್ಳುವುದೂ ಇದನ್ನೇ. ಒಳ್ಳೆಯ ಆಳಿನ ಕರುಣೆ ಕೆಟ್ಟ ಯಜಮಾನನಿಗೆ ಸಂಬಳವಿಲ್ಲದ ಕಾವಲುಗಾರನಾಗುತ್ತದೆ. ಇಲ್ಲಿ ಭಾವನೆಗಿಂತ ಫಲವನ್ನು ನೋಡುವುದು ಲೇಸು. ಕಳೆದ ಒಂದು ಋತುವಿನಲ್ಲಿ ತನ್ನಿಂದಾಗಿ ಒಂದು ಗಾಯವಾದರೂ ಮಾಯಿತೇ, ಒಂದು ಸೇರು ಹುರುಳಿಯಾದರೂ ಹೆಚ್ಚಿತೇ, ಒಂದು ಹೊರೆಯಾದರೂ ತಗ್ಗಿತೇ? ಹೌದೆಂದಾದರೆ ಅವನ ಇರವು ವೈದ್ಯನ ಇರವು. ಅಭಿನವಚಂದ್ರನ ದಾರಿ ಅದು. ಇಲ್ಲವೆಂದಾದರೆ ಅವನು ಕ್ರೌರ್ಯಕ್ಕೆ ಸಾಕ್ಷಿ ಮಾತ್ರ. ಸಾಕ್ಷಿಯಾದವನು ಹೊರಬಂದು ಸಾಕ್ಷ್ಯ ಹೇಳುವುದೇ ಕುದುರೆಗೆ ಮಾಡುವ ಉಪಕಾರ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮು ಹೊಡೆಯುವುದು, ಅತಿಯಾಗಿ ಓಡಿಸುವುದು, ಅತಿಭಾರ ಹೊರಿಸುವುದು, ಅಶಕ್ತ ಪ್ರಾಣಿಯನ್ನು ದುಡಿಸುವುದು, ಮೇವು ನೀರು ಕೊಡದಿರುವುದು ಇವೆಲ್ಲವನ್ನೂ ಅಪರಾಧವೆಂದು ಸಾರುತ್ತದೆ. ಆಚಾರ್ಯರ ಐದು ಅತಿಚಾರಗಳು ಇಲ್ಲಿ ಬಹುಮಟ್ಟಿಗೆ ನಾಡಿನ ಕಾನೂನಾಗಿ ಮರುಹುಟ್ಟು ಪಡೆದಿವೆ.

ನಾಲ್ಕನೆಯದು ಮನೆಮಂದಿ. ಹೆಂಡತಿ ಮಕ್ಕಳು ಹಸಿದಿರುವಾಗ ‘ಧರ್ಮಕ್ಕಾಗಿ ಕೆಲಸ ಬಿಡು’ ಎಂದು ಉಪದೇಶಿಸುವುದು ಹೇಳುವವನಿಗೆ ಸುಲಭ. ಗೃಹಸ್ಥನ ಧರ್ಮದಲ್ಲಿ ಆಶ್ರಿತರ ಪೋಷಣೆಯೂ ಸೇರಿದೆ. ಬಿಡುವ ನಿರ್ಧಾರ ಇಂದೇ ಆಗಲಿ; ಬಿಡುವ ದಿನವನ್ನು ಮತ್ತೊಂದು ಕೂಲಿ ದೊರೆಯುವವರೆಗೆ ಮುಂದಿಟ್ಟುಕೊಂಡರೆ ಅದು ಹೇಡಿತನವಲ್ಲ. ಆದರೆ ಆ ದಿನಕ್ಕೆ ಒಂದು ಗಡುವಿರಬೇಕು. ಗಡುವಿಲ್ಲದ ನಿರ್ಧಾರವು ಅನುಮೋದನೆಯಾಗಿ ತಿರುಗುತ್ತದೆ.

ಸಮಾಜದ ಪಾಲು

ಈ ನಾಲ್ಕನೆಯ ತೂಕದಲ್ಲಿಯೇ ಸಮಾಜದ ಹೊಣೆ ಆರಂಭವಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯಗಳು ಸೇರಿವೆ. ಧರ್ಮದಿಂದ ಜಾರುತ್ತಿರುವವನನ್ನು ಎತ್ತಿ ನಿಲ್ಲಿಸುವುದು ಸ್ಥಿತಿಕರಣ. ಅಧರ್ಮದ ಊಳಿಗವನ್ನು ಬಿಡಬಯಸುವ ಬಡವನಿಗೆ ಮೂರು ತಿಂಗಳ ಅಕ್ಕಿಯನ್ನೂ ಮತ್ತೊಂದು ಕೆಲಸವನ್ನೂ ಒದಗಿಸುವ ಟ್ರಸ್ಟು ನೂರು ಪ್ರವಚನಗಳಿಗಿಂತ ಮಿಗಿಲಾದ ಸ್ಥಿತಿಕರಣವನ್ನು ಮಾಡಿದಂತಾಗುತ್ತದೆ.

ಇದಕ್ಕೆ ಶಿವನಸಮುದ್ರದಲ್ಲಿಯೇ ಒಂದು ನಿದರ್ಶನವಿದೆ. ಮೈಸೂರಿನ ರೆಸಿಡೆಂಟರ ಬಳಿ ಉದ್ಯೋಗದಲ್ಲಿದ್ದ ರಾಮಸ್ವಾಮಿ ಮೊದಲಿಯಾರರು 1820ರ ದಶಕದಿಂದ ತಮ್ಮ ಹಣವನ್ನು ಸುರಿದು, ಹಾಳುಬಿದ್ದಿದ್ದ ಈ ದ್ವೀಪವನ್ನು ಜನವಾಸಕ್ಕೆ ತಂದು, ಕಾವೇರಿಯ ಕವಲುಗಳಿಗೆ ಕಲ್ಲುಕಂಬಗಳ ಸೇತುವೆಗಳನ್ನು ಕಟ್ಟಿಸಿದರು. ಸರ್ಕಾರವು ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಜಾಗೀರನ್ನೂ ಕೊಟ್ಟಿತು. ಅವರು ಜೈನರಲ್ಲ, ಆದರೆ ಸೆಳವಿನಲ್ಲಿ ಎಳೆದಾಡುತ್ತಿದ್ದ ಎತ್ತು ಕುದುರೆಗಳ ಕಾಲಿಗೆ ಸಿಕ್ಕ ಗಟ್ಟಿನೆಲಕ್ಕೆ ಜಾತಿಯಿಲ್ಲ. ಆ ಹಳೆಯ ಸೇತುವೆಗಳಲ್ಲೊಂದರ ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. 1791ರಲ್ಲಿ ಬಂಧನದ ದೊಡ್ಡಿಯಾಗಿದ್ದ ದ್ವೀಪ ಹೀಗೆ ದಾಟುವ ದಾರಿಯಾಯಿತು. 1902ರ ಜೂನ್ 30ರಂದು ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಯಂತ್ರದ ಬಲವನ್ನು ಅಳೆಯುವ ಮಾನಕ್ಕೆ ಇಂದಿಗೂ ‘ಅಶ್ವಶಕ್ತಿ’ ಎಂದೇ ಹೆಸರು. ಯಂತ್ರದ ಮೇಲೆ ಅದು ಹೊರಬಲ್ಲ ಭಾರವನ್ನು ಕೆತ್ತಿರುತ್ತಾರೆ. ಅದನ್ನು ಮೀರಿದರೆ ಸುಟ್ಟುಹೋಗುವುದೆಂದು ಮಾಲೀಕನು ಹೆದರುತ್ತಾನೆ. ಕುದುರೆಯ ಬೆನ್ನ ಮೇಲಾಗಲಿ ಆಳಿನ ಬೆನ್ನ ಮೇಲಾಗಲಿ ಅಂತಹ ಬರಹವಿಲ್ಲ. ಅದನ್ನು ಓದಲು ಧರ್ಮದ ಕಣ್ಣು ಬೇಕು.

ಕೊನೆಯದಾಗಿ, ಜೈನ ಕುಟುಂಬಗಳೂ ಬಸದಿಯ ಟ್ರಸ್ಟುಗಳೂ ತಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಮದುವೆಯ ಮೆರವಣಿಗೆಗೆ, ಪಂಚಕಲ್ಯಾಣದ ಉತ್ಸವಕ್ಕೆ ಕುದುರೆ ಸಾರೋಟುಗಳನ್ನು ಬಾಡಿಗೆಗೆ ತರುವ ರೂಢಿ ಉಂಟು. ಬಾಡಿಗೆಯನ್ನು ಚೌಕಾಸಿ ಮಾಡಿ ತಗ್ಗಿಸುವವರು, ತಗ್ಗಿದ ಆ ಹಣವನ್ನು ಯಾರ ಹೊಟ್ಟೆಯಿಂದ ಕಳೆಯಲಾಗುತ್ತದೆಂದು ವಿಚಾರಿಸಬೇಕು. ಕುದುರೆಗೆ ಲಾಳ ಸರಿಯಾಗಿದೆಯೇ, ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲಿಸಲಾಗಿದೆ, ಜೊತೆಗೆ ಬಂದ ಹುಡುಗನಿಗೆ ಊಟವಾಯಿತೇ, ಅವನ ಕೂಲಿ ಅವನ ಕೈಗೇ ಸೇರಿತೇ ಎಂದು ನೋಡಲು ಒಬ್ಬ ಟ್ರಸ್ಟಿಯನ್ನು ನೇಮಿಸುವುದು ಕಷ್ಟವಲ್ಲ. ಇಷ್ಟು ನೋಡಲಾಗದಿದ್ದರೆ ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲಿ ಉತ್ಸವ ಮಾಡುವುದೇ ಮೇಲು. ನೇಮಿನಾಥಸ್ವಾಮಿಯು ತನ್ನ ಮದುವೆಯ ದಿಬ್ಬಣದಲ್ಲಿಯೇ ರಥವನ್ನು ನಿಲ್ಲಿಸಿ, ಕೂಡಿಹಾಕಿದ ಪ್ರಾಣಿಗಳು ಯಾಕೆ ಕೂಗುತ್ತಿವೆಯೆಂದು ಸಾರಥಿಯನ್ನು ಕೇಳಿದನು. ಉತ್ತರ ಸಾರಥಿಗೆ ಮೊದಲೇ ಗೊತ್ತಿತ್ತು. ಕೇಳುವವರಿಗಾಗಿ ಅದು ಕಾದಿತ್ತು. ಲಾಯದ ಆಳುಗಳಿಗೂ ಉತ್ತರ ಗೊತ್ತಿದೆ. ಬಾಡಿಗೆ ಕೊಡುವವರು ಕೇಳತೊಡಗಿದರೆ, ಊಳಿಗ ಬಿಡಬೇಕೇ ಎಂಬ ಪ್ರಶ್ನೆಯನ್ನು ಬಡವನೊಬ್ಬನೇ ರಾತ್ರಿಯೆಲ್ಲ ತೂಗಿಕೊಂಡು ಕೂರಬೇಕಾಗುವುದಿಲ್ಲ.